ಕುಮಾರಧಾರೆಯ ತವರಿಗೆ ಒಂದು ಕಾಲುದಾರಿ

ಆತ್ಮೀಯರೇ,

ಕುಮಾರಪರ್ವತದ ಚಾರಣವೆಂದರೆ ಹೆಚ್ಚಿನವರ ಮಾತು ಎಷ್ಟು ಗಂಟೆಯಲ್ಲಿ ಹತ್ತಿದೆವು, ಇಳಿಯುವಾಗ ಮಂಡಿ ಹೇಗೆ ಸೋತಿತು ಎಂಬುದರ ಸುತ್ತಲೇ ಇರುತ್ತದೆ. ಆ ದಾರಿಯನ್ನು ಹೊಳೆಯ ಕಡೆಯಿಂದ ನೋಡಬೇಕೆಂಬುದು ಈ ಉಪನ್ಯಾಸದಲ್ಲಿ ನನ್ನ ಕೋರಿಕೆ. ಕುಕ್ಕೆ ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ನಾವು ಮುಳುಗು ಹಾಕುವ ಕುಮಾರಧಾರೆ ಹುಟ್ಟುವುದು ಇದೇ ಬೆಟ್ಟದ ಸಾಲಿನಲ್ಲಿ. ಸೋಮವಾರಪೇಟೆ ತಾಲ್ಲೂಕಿನ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಬೆಟ್ಟವನ್ನು ಬಳಸಿಕೊಂಡು ಸುಬ್ರಹ್ಮಣ್ಯಕ್ಕಿಳಿಯುವ ಈ ಹೊಳೆ ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಹೊಳೆ ಸುತ್ತಿ ಬಳಸಿ ಇಳಿದ ಬೆಟ್ಟವನ್ನು ಕಾಲುದಾರಿ ಸುಮಾರು 13 ಕಿಲೋಮೀಟರಿನಲ್ಲಿ ನೇರವಾಗಿ ಏರುತ್ತದೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧವನ್ನು ತೊಳೆದದ್ದು ಈ ನೀರಿನಲ್ಲೇ ಎಂಬ ಸ್ಥಳಪುರಾಣವೂ ಬೆಟ್ಟ ಮತ್ತು ಹೊಳೆಯನ್ನು ಒಂದೇ ಕಥೆಯಲ್ಲಿ ಕಟ್ಟಿಟ್ಟಿದೆ.

ದೇವಸ್ಥಾನದ ಪೇಟೆ ದಾಟಿ ಸ್ವಲ್ಪ ದೂರ ನಡೆದರೆ ಕಾಡು ಶುರುವಾಗುತ್ತದೆ. ದಾರಿಯ ನಡುವೆ ಚಾರಣಿಗರಿಗೆ ಊಟ ಸಿಗುವ ಗಿರಿಗದ್ದೆಯ ಭಟ್ಟರ ಮನೆಯವರೆಗಿನ ಈ ಮೊದಲ ಅರ್ಧವನ್ನು ಬಹಳ ಮಂದಿ ಕತ್ತಲಲ್ಲೇ, ಟಾರ್ಚು ಹಿಡಿದು, ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಬೇರುಗಳೇ ಮೆಟ್ಟಿಲಾದ ಆ ಏರಿನಲ್ಲಿ ಒಂದು ಕಡೆ ಕೂತು ತರಗೆಲೆಯ ರಾಶಿಯೊಳಗೆ ಕೈ ಹಾಕಿ ನೋಡಿ: ಮೇಲಿನ ಎಲೆ ಗರಿಗರಿ ಒಣಗಿದ್ದರೂ ನಾಲ್ಕು ಬೆರಳು ಕೆಳಗೆ ಕಪ್ಪು ಮಣ್ಣು ಒದ್ದೆಯಾಗಿ ಕೈಗಂಟುತ್ತದೆ. ಮಳೆಗಾಲದ ನೀರು ಒಂದೇ ಸಲಕ್ಕೆ ಕೊಚ್ಚಿಹೋಗದೆ ಬೇಸಿಗೆಗೂ ಉಳಿಯುವುದು ಈ ಒದ್ದೆಯಲ್ಲಿ. ರಕ್ತ ಹೀರುವ ಇಂಬಳಗಳು ಬದುಕುವುದೂ ಇದರಲ್ಲೇ ಎಂಬುದನ್ನು ಮರೆತವರಿಗೆ ಅವುಗಳೇ ನೆನಪಿಸುತ್ತವೆ!

ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಬಿಸಿ ಅನ್ನ, ಸಾಂಬಾರು. ಆಮೇಲೆ ಅರಣ್ಯ ಇಲಾಖೆಯ ತಪಾಸಣೆ. ಈ ಬೆಟ್ಟವನ್ನು ಒಳಗೊಂಡ, 1987ರಲ್ಲಿ ಘೋಷಣೆಯಾದ ಪುಷ್ಪಗಿರಿ ವನ್ಯಜೀವಿಧಾಮ ಸುಮಾರು 102 ಚದರ ಕಿಲೋಮೀಟರಿನಷ್ಟಿದ್ದು, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. 2024ರ ಜನವರಿಯ ಕೊನೆಯಲ್ಲಿ ರಜೆಯ ದಿನಗಳಂದು ಸಾವಿರಾರು ಜನ ಇದೇ ತಪಾಸಣಾ ಜಾಗದಲ್ಲಿ ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಆ ಬಳಿಕ ಆನ್‌ಲೈನಿನಲ್ಲಿ ಮುಂಗಡ ಟಿಕೆಟ್ ಪಡೆಯುವ ವ್ಯವಸ್ಥೆ ಬಂತು. ಹತ್ತುವವರ ಸಂಖ್ಯೆಗೆ ಮಿತಿ ಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಟಿಕೆಟ್ಟಿನ ಜೊತೆಗೆ ಈ ಬೆಟ್ಟವೇನೆಂದು ಹೇಳುವವರೂ ಬೇಕು.

ಹೀಗೆನ್ನಲು ಕಾರಣ ಮುಂದಿನ ದಾರಿಯಲ್ಲಿದೆ. ಕಲ್ಲುಮಂಟಪದ ಆಸುಪಾಸಿನಲ್ಲಿ ಕಾಡು ಹಿಂದೆ ಸರಿದು, ನೆರಳಿಲ್ಲದ ಹುಲ್ಲಿನ ಗುಡ್ಡಗಳು ಎದುರಾಗುತ್ತವೆ. ಬಿಸಿಲಿಗೆ ಬೇಸತ್ತವರು ಇದನ್ನು ಬೋಳುಗುಡ್ಡವೆಂದು ಕರೆಯುತ್ತಾರೆ; ಗಿಡ ನೆಟ್ಟರೆ ಒಳ್ಳೆಯದಲ್ಲವೇ ಎಂದು ಕೇಳುವವರೂ ಇದ್ದಾರೆ. ಇದು ಕಾಡು ಕಡಿದು ಉಳಿದ ಜಾಗವಲ್ಲ, ಗಾಳಿ, ತೆಳುಮಣ್ಣು, ಮಳೆಗಳಿಗೆ ಒಗ್ಗಿ ಬೆಳೆದ ಹುಲ್ಲುಗಾವಲು. ಗುಡ್ಡದ ಮಡಿಕೆಗಳಲ್ಲಿ ಮಾತ್ರ ಕುಳ್ಳಗಿನ ಮರಗಳು ಒತ್ತೊತ್ತಾಗಿ ನಿಂತಿವೆ, ಅವೇ ಶೋಲಾ ಕಾಡುಗಳು. ಮಳೆಯ ನೀರನ್ನು ಹುಲ್ಲು ತಡೆದು ಇಂಗಿಸುತ್ತದೆ, ಶೋಲಾ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಫೆಬ್ರವರಿಯ ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು.

ಕುಮಾರಪರ್ವತಕ್ಕೆ ಮೊದಲು ಸಿಗುವ ಶೇಷಪರ್ವತದ ನೆತ್ತಿಗೇ ಏರು ಮುಗಿಯಿತೆಂದುಕೊಳ್ಳಬಾರದು. ಅಲ್ಲಿಂದ ಕಾಡಿನೊಳಕ್ಕೆ ಇಳಿದು, ಓರೆಯಾದ ಬಂಡೆಯೊಂದನ್ನು ಹತ್ತಿದ ಮೇಲಷ್ಟೇ 1712 ಮೀಟರ್ ಎತ್ತರದ ಶಿಖರ. ಆ ಬಂಡೆ ಜಾರುತ್ತದೆಂದು ಎಲ್ಲರೂ ದೂರುತ್ತಾರೆ, ನಾನೂ ಒಮ್ಮೆ ಜಾರಿ ಅಂಗೈ ತರಚಿಕೊಂಡಿದ್ದೇನೆ. ಡಿಸೆಂಬರಿನ ಆ ಬೆಳಿಗ್ಗೆ, ಮಳೆ ನಿಂತು ಎಷ್ಟೋ ದಿನಗಳಾಗಿದ್ದರೂ, ಬಂಡೆಯ ಸೀಳಿನ ಪಾಚಿಯಿಂದ ನೀರು ಬೆರಳಿನಷ್ಟೇ ಅಗಲಕ್ಕೆ ಜಿನುಗಿ ಕೆಳಗಿನ ಕಾಡಿನೊಳಗೆ ಇಳಿದುಹೋಗುತ್ತಿತ್ತು.