ಎರಡು ಗಂಟೆ ಸಾಕು ಅಂದರೆ ಸಾಕು

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ, ಅದು ಹಾಗೇ ಬಿದ್ದಿರಲಿ. ನಮ್ಮ ಮನೆಯ ಒಂದು ವಾರ ಹೇಗಿರುತ್ತದೆ ಅಂತ ಒಂದು ವಿಡಿಯೊ ಹಾಕಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ, ಓದುತ್ತೇನೆ ಕೇಳಿ. "ಮೇಡಂ, ದಿನಕ್ಕೆ ಎರಡೇ ಗಂಟೆ ಪಾಠ ಅಂತೀರಾ. ಉಳಿದ ಹೊತ್ತು ಮಕ್ಕಳು ಏನ್ ಮಾಡ್ತಾರೆ? ಪಾಪ."

ಪ್ರಶ್ನೆ ಕೇಳಲಿ, ಬೇಡ ಅಂದವರು ಯಾರು? ಆದರೆ ಕೊನೆಯಲ್ಲಿ ಆ 'ಪಾಪ' ಇದೆಯಲ್ಲ, ಅದು ತಡೆಯಲಿಲ್ಲ. ಅದಕ್ಕೆ ಲೈಕ್ ಬೇರೆ ಒತ್ತಿದ್ದೀರಿ. ಯಾರ್ಯಾರು ಅಂತ ನೋಡಿದ್ದೇನೆ.

ಹಾಗಾಗಿ ಇವತ್ತು ಒಂದೇ ಮಾತು. ಮನೆಯಲ್ಲಿ ಕಲಿಯುವ ಮಗುವಿಗೆ ದಿನಕ್ಕೆ ಎರಡು ಗಂಟೆ ಕೂತು ಪಾಠ ಮಾಡಿದರೆ ಸಾಕು.

ಲೆಕ್ಕ ಹಾಕೋಣ ಬನ್ನಿ. ಒಂದು ಪೀರಿಯಡ್ 40 ನಿಮಿಷ ಅಂತ ಇಟ್ಟುಕೊಳ್ಳಿ, ತರಗತಿಯಲ್ಲಿ 40 ಮಕ್ಕಳು. ಮೇಷ್ಟ್ರು ಉಸಿರು ಬಿಡದೆ ಒಬ್ಬೊಬ್ಬರ ಹತ್ತಿರ ಹೋದರೂ ಒಂದು ಮಗುವಿಗೆ ಸಿಗುವುದು ಒಂದು ನಿಮಿಷ. ಅದರೊಳಗೇ ಹಾಜರಿ ಕೂಗಬೇಕು, ಹೋಂವರ್ಕ್ ನೋಡಬೇಕು, ಹಿಂದಿನ ಬೆಂಚಿನ ಜಗಳ ಬಿಡಿಸಬೇಕು. ಮೇಷ್ಟ್ರುಗಳನ್ನು ಬೈಯುತ್ತಿದ್ದೇನೆ ಅಂತ ಶುರು ಮಾಡಬೇಡಿ. 40 ಮಕ್ಕಳನ್ನು ಸುಧಾರಿಸುವವರಿಗೆ ದೊಡ್ಡ ನಮಸ್ಕಾರ, ನನಗೆ ಇಬ್ಬರಲ್ಲೇ ಸುಸ್ತು. ಆದರೆ ಶಾಲೆಯ ದಿನ ಅಷ್ಟು ಉದ್ದ ಆಗುವುದಕ್ಕೆ ಮಕ್ಕಳ ಸಂಖ್ಯೆಯೂ ದೊಡ್ಡ ಕಾರಣ. ನಮ್ಮ ಮೇಜಿನ ಹತ್ತಿರ ಹಾಜರಿ ಕೂಗುವ ಕೆಲಸ ಇಲ್ಲ. ಅರ್ಥ ಆಗದಿದ್ದರೆ ಮುಖ ನೋಡಿದರೇ ಗೊತ್ತಾಗುತ್ತದೆ, ಅಲ್ಲೇ ನಿಲ್ಲಿಸಿ ಇನ್ನೊಂದು ಸಲ ಹೇಳಿಕೊಡುತ್ತೇವೆ. ಅರ್ಥ ಆಗಿದ್ದರೆ ಪುಟ ತಿರುಗಿಸುತ್ತೇವೆ. ಅದಾದ ಮೇಲೂ ಮಗುವನ್ನು ಕೂರಿಸಿಕೊಂಡರೆ, ಕೊಡ ತುಂಬಿದ ಮೇಲೂ ನಲ್ಲಿ ಬಿಟ್ಟುಕೊಂಡು ನಿಂತ ಹಾಗೆ.

ಇದು ನಾನೊಬ್ಬಳೇ ಹೇಳುವ ಮಾತಲ್ಲ. ಬೆಂಜಮಿನ್ ಬ್ಲೂಮ್ ಅಂತ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ 1984ರಲ್ಲಿ ಒಂದು ಲೇಖನ ಬರೆದರು. ಅವರ ವಿದ್ಯಾರ್ಥಿಗಳು ಕೆಲವು ಮಕ್ಕಳಿಗೆ ಸಂಭವನೀಯತೆ ಮತ್ತು ನಕ್ಷೆಗಳ ಪಾಠವನ್ನು ಪಕ್ಕದಲ್ಲಿ ಕೂತು ಹೇಳಿಕೊಡಿಸಿ ನೋಡಿದ್ದರು. ಹಾಗೆ ಕಲಿತ ಸಾಧಾರಣ ಮಗು, ಮಾಮೂಲಿ ತರಗತಿಯ ಶೇಕಡ 98ರಷ್ಟು ಮಕ್ಕಳಿಗಿಂತ ಮುಂದಿತ್ತು. ಆಮೇಲೆ ಬಂದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅಂತ ಈಗಲೇ ಯಾರೋ ಟೈಪ್ ಮಾಡುತ್ತಿರುತ್ತೀರಿ. ಗೊತ್ತು. ಅರ್ಧಕ್ಕರ್ಧ ಇಳಿಸಿಕೊಳ್ಳಿ, ಆಗಲೂ ನನ್ನ ಎರಡು ಗಂಟೆಗೆ ಏನೂ ಆಗುವುದಿಲ್ಲ.

ಷಾರ್ಲಟ್ ಮೇಸನ್ ಅಂತ ಇಂಗ್ಲೆಂಡಿನಲ್ಲಿ ಒಬ್ಬರು ಇದ್ದರು, 1923ರಲ್ಲಿ ತೀರಿಕೊಂಡರು. ಮಕ್ಕಳಿಗೆ ಮನೆಯಲ್ಲೇ ಕಲಿಸುವವರಿಗೆಲ್ಲ ಅವರ ಹೆಸರು ಗೊತ್ತು. ಚಿಕ್ಕ ಮಕ್ಕಳಿಗೆ ಒಂದು ಪಾಠ 20 ನಿಮಿಷ ದಾಟಬಾರದು, ಓದಿದ್ದನ್ನು ಮಗು ತನ್ನ ಮಾತಲ್ಲಿ ತಿರುಗಿ ಹೇಳಬೇಕು, ಇಷ್ಟೇ ಅವರ ಪದ್ಧತಿಯ ತಿರುಳು. ತಿರುಗಿ ಹೇಳು ಅಂದಾಗ ಗುಟ್ಟು ರಟ್ಟಾಗುತ್ತದೆ ನೋಡಿ. ಆರು ಗಂಟೆ ಕೂತ ಮಗುವನ್ನು ಕೇಳಿ, ಇವತ್ತು ಏನು ಕಲಿತೆ ಅಂತ. "ಏನೂ ಇಲ್ಲ" ಅನ್ನುತ್ತದೆ. ಎಲ್ಲ ಮನೆಯಲ್ಲೂ ಅದೇ ಉತ್ತರ, ಅಲ್ವಾ?

ಈಗ ಆ 'ಪಾಪ' ಅಂದವರಿಗೆ. ಉಳಿದ ಹೊತ್ತು ಏನು ಮಾಡುತ್ತಾರೆ? ಸ್ವಾಮಿ, ನಮಗೆ ಉಸಿರಾಡಲು ಪುರುಸೊತ್ತಿಲ್ಲ! ಸೋಮವಾರ ಬೆಳಗ್ಗೆ ದೊಡ್ಡವಳು ಬೀಜಗಣಿತ, ಚಿಕ್ಕವನು ಜೋರಾಗಿ ಓದುವುದು, ಇಬ್ಬರಿಗೂ ಒಂದೇ ಪೆನ್ಸಿಲ್ ಬೇಕು, ಮನೆ ತುಂಬ ಪೆನ್ಸಿಲ್ ಇದ್ದರೂ. ಮಂಗಳವಾರ ಲೈಬ್ರರಿ, ಆಮೇಲೆ ಈಜು. ಗುರುವಾರದ ಬಗ್ಗೆ ಕೇಳಬೇಡಿ, ನನ್ನ ಆಫೀಸಿನ ಮೀಟಿಂಗು, ಒಗೆದ ಬಟ್ಟೆಯ ರಾಶಿ, ಎಲ್ಲ ಒಂದೇ ಮೇಜಿನ ಮೇಲೆ.

ಬುಧವಾರದ ಕಥೆ ಮಾತ್ರ ಹೇಳಲೇಬೇಕು. ನಮ್ಮ ಹಾಗೆಯೇ ಮನೆಯಲ್ಲಿ ಕಲಿಸುವ ಕೆಲವು ಮನೆಯವರು ಬುಧವಾರ ಸೇರುತ್ತೇವೆ, ಯಾರಿಗೆ ಯಾವುದು ಚೆನ್ನಾಗಿ ಬರುತ್ತದೋ ಅವರು ಅದನ್ನು ಹೇಳಿಕೊಡುವುದು. ಮೊನ್ನೆ ಲೋಲಕ. ದಾರಕ್ಕೆ ಏನಾದರೂ ಕಟ್ಟಿ ತೂಗುಬಿಡುವುದು, ಅಷ್ಟೇ. ಭಾರ ಜಾಸ್ತಿಯಾದರೆ ಬೇಗ ತೂಗುತ್ತದೆ ಅಂತ ನನ್ನ ಮಗಳ ಹಟ. ಸರಿ, ಕಟ್ಟು ಅಂದರು. ಭಾರದ್ದು ಕಟ್ಟಿದಳು, ಹಗುರದ್ದು ಕಟ್ಟಿದಳು, ಮೊಬೈಲಲ್ಲಿ ಸೆಕೆಂಡು ಎಣಿಸಿದಳು, ಎರಡಕ್ಕೂ ಅಷ್ಟೇ ಹೊತ್ತು. ಮೊಬೈಲ್ ಕೆಟ್ಟಿದೆ ಅಂದಳು! ಇನ್ನೊಬ್ಬರ ಮೊಬೈಲ್ ತಂದರು, ಅದೂ ಅಷ್ಟೇ. ಆಮೇಲೆ ಯಾವುದೋ ಹುಡುಗ ದಾರ ಗಿಡ್ಡ ಮಾಡಿದ, ಆಗ ಹೊತ್ತು ಬದಲಾಯಿತು. 25 ಸೆಂಟಿಮೀಟರ್ ದಾರಕ್ಕೆ ಹೋಗಿ ಬರಲು ಹೆಚ್ಚುಕಡಿಮೆ ಒಂದು ಸೆಕೆಂಡು, ಒಂದು ಮೀಟರ್ ದಾರಕ್ಕೆ ಎರಡು. ದಾರ ನಾಲ್ಕು ಪಟ್ಟು, ಹೊತ್ತು ಎರಡೇ ಪಟ್ಟು. ಯಾಕೆ ಎರಡೇ ಅಂತ ಮಕ್ಕಳು ಕತ್ತಲಾಗುವವರೆಗೂ ಕಿತ್ತಾಡಿದರು. ವರ್ಗಮೂಲ ಅನ್ನುವ ಮಾತನ್ನು ಅವರೇ ಕೇಳಿ ಪಡೆದರು, ನಾವು ತುರುಕಲಿಲ್ಲ.

"ಹಾಗಾದರೆ ಅದೂ ಪಾಠವೇ ಅಲ್ವಾ ಮೇಡಂ, ಎರಡು ಗಂಟೆ ಹೇಗಾಯ್ತು?" ಬಂದರು ನೋಡಿ ಲೆಕ್ಕಪರಿಶೋಧಕರು! ನಾನು ಕೂತು ಮಾಡುವ ಪಾಠ ಅಂದಿದ್ದು. ಕೂತು. ವಿಡಿಯೊ ಹಿಂದಕ್ಕೆ ಓಡಿಸಿ ನೋಡಿ, ಕೂತು ಅಂದಿದ್ದೇನೆ. ಆ ಎರಡು ಗಂಟೆಯನ್ನು ಆರು ಗಂಟೆ ಮಾಡಿದ್ದರೆ ಬುಧವಾರದ ಆ ಜಗಳಕ್ಕೆ ಮಕ್ಕಳಲ್ಲಿ ಕಸುವು ಎಲ್ಲಿ ಉಳಿಯುತ್ತಿತ್ತು? ನನ್ನ ವಾದ ಇರುವುದೇ ಅಲ್ಲಿ.

ಶುಕ್ರವಾರ ಪುಸ್ತಕ ಮುಚ್ಚಿ ವಾರದ್ದನ್ನೆಲ್ಲ ನೆನಪಿಸಿಕೊಂಡು ಹೇಳುವುದು. ಪರೀಕ್ಷೆ ಅಲ್ಲ, ಅಂಕ ಇಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅಂತ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಓದಿದ್ದನ್ನೇ ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರು ಮುಂದೆ, ಒಂದು ವಾರ ಬಿಟ್ಟು ಕೇಳಿದರೆ ನೆನಪಿಸಿಕೊಂಡವರು ಮುಂದೆ. ಕೂತ ಗಂಟೆ ಎಣಿಸಿ ಏನು ಮಾಡುತ್ತೀರಿ? ಎರಡು ಗಂಟೆ ಸಾಕು!

ಅಂದ ಹಾಗೆ, ನಮ್ಮ ವಾರದ ಪ್ಲಾನರ್ ಕೆಳಗೆ ಲಿಂಕಲ್ಲಿ ಇದೆ, ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಿ. ಗುರುವಾರದ ಕಾಲಂ ಖಾಲಿ ಬಿಟ್ಟಿದ್ದೇನೆ, ಪ್ರಿಂಟಿಂಗ್ ತಪ್ಪಲ್ಲ ಅದು.

"ನೀವೇನು ಬಿಎಡ್ ಮಾಡಿದ್ದೀರಾ?" ಇಲ್ಲ. "ಮಕ್ಕಳು ನಾಲ್ಕು ಜನರ ಜೊತೆ ಬೆರೆಯುವುದು ಹೇಗೆ?" ನನ್ನ ಮಗ ಲೈಬ್ರರಿಯಲ್ಲಿ ಅಪರಿಚಿತ ತಾತನಿಗೆ ಡೈನೋಸಾರ್ ಬಗ್ಗೆ ಭಾಷಣ ಮಾಡುತ್ತಾನೆ, ಆ ತಾತ ನನ್ನನ್ನು ನೋಡಿದರೆ ಈಗ ಬೇರೆ ಕಪಾಟಿನ ಕಡೆ ಹೋಗುತ್ತಾರೆ. ಬೆರೆಯುವುದು ಕಮ್ಮಿ ಆಗಲಿ ಅಂತ ನಾನೇ ಬೇಡಿಕೊಳ್ಳುತ್ತಿದ್ದೇನೆ. "ನಾವೂ 2020ರಲ್ಲಿ ಹೋಮ್‌ಸ್ಕೂಲಿಂಗ್ ಮಾಡಿದ್ದೀವಿ, ಸಾಕಪ್ಪ ಸಾಕು." ಅಯ್ಯೋ, ಅದು ಶಾಲೆಯನ್ನೇ ತಂದು ಸ್ಕ್ರೀನಿಗೆ ಅಂಟಿಸಿದ್ದು! ಆರು ಗಂಟೆ ಮಗುವನ್ನು ಲ್ಯಾಪ್‌ಟಾಪ್ ಮುಂದೆ ಕಟ್ಟಿಹಾಕಿ, ಆಗಲಿಲ್ಲ ಅಂತ ನನ್ನ ಹತ್ತಿರ ಬಂದು ಹೇಳಿದರೆ? ಎರಡು ಗಂಟೆ ಮಾಡಬೇಕಿತ್ತು.

ಜರ್ಮನಿಯಲ್ಲಿ ಇದಕ್ಕೆಲ್ಲ ಅವಕಾಶವೇ ಇಲ್ಲ, ಮಕ್ಕಳು ಶಾಲೆಗೇ ಹೋಗಬೇಕು, ಅದಕ್ಕೇನಂತೀರಿ ಅಂತ ಒಬ್ಬರು. ಏನನ್ನಲಿ? ಕಾನೂನು ಬೇರೆ, ಕಲಿಕೆ ಬೇರೆ. ನಿಮ್ಮಲ್ಲಿ ಏನು ನಿಯಮ ಇದೆಯೋ ತಿಳಿದುಕೊಂಡು ಮಾಡಿ, ಅದು ಬೇರೆ ವಿಡಿಯೊ. ಜಾನ್ ಹೋಲ್ಟ್ ಗೊತ್ತಾ? ಅವರು ಶಾಲೆಯ ಮೇಷ್ಟ್ರಾಗಿದ್ದವರೇ. ತರಗತಿಯಲ್ಲಿ ನಿಂತು ನೋಡಿ ನೋಡಿ ಸಾಕಾಗಿ, 1977ರಲ್ಲಿ ಶಾಲೆಗೆ ಕಳಿಸದ ತಂದೆತಾಯಿಗಳಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿದರು. ಅವರು ಬಂದರೆ ಎರಡು ಗಂಟೆಯೂ ಯಾಕೆ ಅನ್ನುತ್ತಿದ್ದರು. ನಾನು ಎಷ್ಟೋ ವಾಸಿ!

ಇನ್ನೊಬ್ಬರು, ಎರಡು ಬೇಡ ಮೇಡಂ, ನಾಲ್ಕು ಮಾಡಿ, ರಾಜಿ ಅಂದಿದ್ದಾರೆ. ಇದೇನು ಚೌಕಾಸಿನಾ? ಎರಡು. ಯಾಕೆ ಎರಡು ಅಂದರೆ... ಎರಡೇ. ಎಲ್ಲ ಹೇಳಿದೆನಲ್ಲ, ಇನ್ನೂ ಯಾಕೆ ಅಂದರೆ ನಾನೇನು ಮಾಡಲಿ, ಮೂರನೇ ಗಂಟೆಗೆ ನನ್ನ ಮಗ ಮೇಜಿನ ಕೆಳಗೆ ಇರುತ್ತಾನೆ, ನೀವೇ ಬಂದು ಎಳೆದುಕೊಳ್ಳಿ. ಅಲ್ಲೇ ಡೈನೋಸಾರ್ ಭಾಷಣವೂ ಸಿಗುತ್ತದೆ, ಪುಕ್ಕಟೆ.

ಮುಂದಿನ ವಾರ ದಾಖಲೆ ಫೈಲ್ ಇಡುವುದು ಹೇಗೆ ಅಂತ ಹೇಳುತ್ತೇನೆ, ಬೆಲ್ ಒತ್ತಿ, ಸಬ್‌ಸ್ಕ್ರೈಬ್ ಮಾಡಿ, ಅತ್ತಿಗೆಗೋ ನಾದಿನಿಗೋ ಕಳಿಸಿ, ಅವರೂ ಬಂದು ಬೈಯಲಿ. ನಾಲ್ಕು ಗಂಟೆ ಅನ್ನುವವರು ಕಾಮೆಂಟಲ್ಲಿ ಜಗಳ ಆಡಿಕೊಂಡಿರಿ, ನನಗೆ ಈಜಿಗೆ ಬಿಡಲು ಹೊತ್ತಾಯಿತು, ಕನ್ನಡಕ ಎಲ್ಲಿಟ್ಟಿದ್ದಾನೋ ಇವನು.