ಹಳೆ ಲ್ಯಾಪ್‌ಟಾಪಿಗೆ ಕ್ರೋಮ್ ಓಎಸ್ ಫ್ಲೆಕ್ಸ್: ಅಪ್ಪನ ನುಡಿ ಫೈಲುಗಳ ಗತಿ ಎಂತ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ಬೆಳಗ್ಗಿಂದ ಬಿಡದೆ ಮಳೆ. ಹೊರಗಿನ ಶೂಟಿಂಗ್ ಇಲ್ಲ, ಹಾಗಾಗಿ ಇವತ್ತು ಈ ಲ್ಯಾಪ್‌ಟಾಪ್ ವಿಷಯ.

ಇದು ಅಪ್ಪ ದಿನಾ ಬಳಸುವ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, ಹಳೆ ಇಂಟೆಲ್ ಪ್ರೊಸೆಸರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಸಿತು. ವಿಂಡೋಸ್ 11ಕ್ಕೆ ಹೋಗುವ ಅಂದ್ರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇದರಲ್ಲಿ ಇಲ್ಲ. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ. ಗುಜರಿಗೆ ಹಾಕಲಿಕ್ಕೆ ಮನಸ್ಸು ಬರಬೇಕಲ್ವಾ?

ಅಪ್ಪನಿಗೆ ಬೇಕಾದದ್ದು ಇಮೇಲ್, ಪೇಪರ್ ಓದುವುದು, ಯೂಟ್ಯೂಬಿನಲ್ಲಿ ಯಕ್ಷಗಾನ. ಎಲ್ಲವೂ ಬ್ರೌಸರಿನ ಒಳಗೇ ಆಗುವ ಕೆಲಸ. ಅದಕ್ಕೇ ವಿಂಡೋಸ್ ತೆಗೆದು ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿದೆ, ಅಂದ್ರೆ ಹಳೆ ಕಂಪ್ಯೂಟರುಗಳಿಗೆ ಹಾಕಬಹುದಾದ ಗೂಗಲಿನ ಆಪರೇಟಿಂಗ್ ಸಿಸ್ಟಮ್. ಗೂಗಲ್ 2020ರಲ್ಲಿ ನೆವರ್‌ವೇರ್ ಅನ್ನುವ ಕಂಪನಿಯನ್ನು ಕೊಂಡುಕೊಂಡಿತು. ಅವರು ಮಾಡುತ್ತಿದ್ದ ಕ್ಲೌಡ್‌ರೆಡಿ ಅನ್ನುವ ಓಎಸ್ಸೇ 2022ರಲ್ಲಿ ಫ್ಲೆಕ್ಸ್ ಆಗಿ ಬಂತು. ದುಡ್ಡು ಕೊಡಬೇಕಾಗಿಲ್ಲ. ಕೇರಳದ ಶಾಲೆಗಳ ಕಂಪ್ಯೂಟರ್ ಕಲಿಕೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್‌ನ ಲಿನಕ್ಸಿನಲ್ಲಿ ಕಲಿತ ನಮ್ಮ ಕಡೆಯ ಮಕ್ಕಳು "ಉಬುಂಟು ಲಿನಕ್ಸ್ ಹಾಕಬಹುದಿತ್ತಲ್ವಾ" ಅಂತ ಕೇಳುತ್ತಾರೆ. ಹಾಕಬಹುದಿತ್ತು. ಆದರೆ ಫ್ಲೆಕ್ಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತದೆ, ಪ್ರತಿ ಸಲ ನನ್ನನ್ನು ಕರೆಯುವುದು ಬೇಡ.

ಇಲ್ಲಿ ನೋಡಿ, 8 ಜಿಬಿ ಪೆನ್‌ಡ್ರೈವ್. ಬೇರೆ ಕಂಪ್ಯೂಟರಿನ ಕ್ರೋಮಿನಲ್ಲಿ ಕ್ರೋಮ್‌ಬುಕ್ ರಿಕವರಿ ಯುಟಿಲಿಟಿ ಹಾಕಿ ಇದನ್ನು ತಯಾರು ಮಾಡಿದೆ. ಪೆನ್‌ಡ್ರೈವಿನಿಂದ ಶುರುವಾಗಲಿಕ್ಕೆ ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಒತ್ತಿದೆ, ಕೆಲವು ಕಂಪನಿಗಳಲ್ಲಿ ಬೇರೆ ಕೀ. ಈಗ ಎರಡು ದಾರಿ ಕೇಳುತ್ತದೆ: ಇನ್‌ಸ್ಟಾಲ್ ಮಾಡುವುದಾ, ಮೊದಲು ಸುಮ್ನೆ ನೋಡುವುದಾ. ಎರಡನೆಯದನ್ನೇ ಒತ್ತಿ. ಪೆನ್‌ಡ್ರೈವಿನಿಂದಲೇ ಓಡುತ್ತದೆ, ಒಳಗಿನ ಡಿಸ್ಕ್ ಮುಟ್ಟುವುದಿಲ್ಲ. ವೈಫೈ, ಸೌಂಡ್, ಕ್ಯಾಮೆರಾ ಸರಿ ಉಂಟಾ ಅಂತ ಆಗಲೇ ಗೊತ್ತಾಗುತ್ತದೆ. ಫಿಂಗರ್‌ಪ್ರಿಂಟ್ ಮತ್ತು ಡಿವಿಡಿ ಡ್ರೈವ್ ನಂಬಿ ಕೂರಬೇಡಿ. ಇನ್‌ಸ್ಟಾಲ್ ಒತ್ತಿದರೆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಹಾಗಾಗಿ ಫೈಲುಗಳನ್ನೆಲ್ಲ ಮೊದಲೇ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಂಡಿದ್ದೆ.

ಗಡಿಬಿಡಿ ಶುರುವಾದದ್ದು ಆ ಫೈಲುಗಳನ್ನು ವಾಪಸ್ ತೆರೆದಾಗ. ಅಪ್ಪ ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಪ್ರಶ್ನೆಪತ್ರಿಕೆ, ನಾಟಕ, ಸ್ವಾಗತ ಭಾಷಣ, ಎಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟದ್ದು. ಗೂಗಲ್ ಡಾಕ್ಸಿನಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರ ಇಲ್ಲ! ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಎ, 'ನ' ಇರಬೇಕಾದ ಕಡೆ ಪೌಂಡ್ ಚಿಹ್ನೆ. "ಎಂತ ಮಾರಾಯ, ಎಲ್ಲ ಹಾಳು ಮಾಡಿದೆಯಾ?" ಅಂದರು.

ಹಾಳಾಗಿಲ್ಲ. ಹಳೆ ನುಡಿ ಫೈಲುಗಳಲ್ಲಿ ಒಳಗೆ ಇರುವುದೇ ಆ ಇಂಗ್ಲಿಷ್ ಚಿಹ್ನೆಗಳು, ಅವಕ್ಕೆ ಕನ್ನಡದ ಮುಖ ಕೊಡುವುದು ನುಡಿ ಫಾಂಟ್. ಫಾಂಟ್ ಇಲ್ಲದಿದ್ದರೆ ಬಣ್ಣ ಕಳಚಿದ ವೇಷದ ಹಾಗೆ. ಈ ಹಳೆ ನಮೂನೆಯಿಂದ (ಇದನ್ನು ಆಸ್ಕಿ ಅನ್ನುತ್ತಾರೆ) ನುಡಿ ಫಾಂಟ್ ಇಲ್ಲದೆಯೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಬ್ರೌಸರಿನಲ್ಲೇ ಸಿಗುತ್ತವೆ. ಕಾಪಿ ಮಾಡಿ ಹಾಕಿದರೆ ಕನ್ನಡ ಬಂತು. ಆದರೆ ಹಾಗೇ ಉಳಿಸಿಕೊಳ್ಳಬೇಡಿ, ಅರ್ಕಾವತ್ತು ಇರುವ ಕಡೆ ಒಮ್ಮೆ ಓದಿ ನೋಡಿ. ಒಂದು ಭಾಷಣ ಯೂನಿಕೋಡ್ ಆಗಿ ಬಂದ ಮೇಲೆ ಅಪ್ಪ ಅದನ್ನು ವಾಟ್ಸಾಪಿನಲ್ಲಿ ಹಳೆ ವಿದ್ಯಾರ್ಥಿಗಳಿಗೆ ಕಳಿಸಿದರು. ನುಡಿ ಫೈಲಿನಿಂದ ಅದು ಆಗುತ್ತಿರಲಿಲ್ಲ.

ಹೊಸದಾಗಿ ಟೈಪ್ ಮಾಡಲಿಕ್ಕೆ ಸೆಟ್ಟಿಂಗ್ಸಿನಲ್ಲಿ ಕನ್ನಡ ಫೊನೆಟಿಕ್ ಸೇರಿಸಿದೆ. ಜೊತೆಗೆ ಮಲಯಾಳಂ ಕೂಡ. ಪಂಚಾಯತಿಗೆ ಅರ್ಜಿ ಬರೆಯುವವರಿಗೆ ಎರಡೂ ಬೇಕು, ಕಾಸರಗೋಡಿನವರಿಗೆ ಹೇಳಬೇಕಾ? ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಕರೆಂಟ್ ಹೋದರೆ? ಮಳೆಗಾಲದಲ್ಲಿ ಅದೇ ದೊಡ್ಡ ಪ್ರಶ್ನೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಉಂಟು, ರೂಟರಿಗೆ ಇಲ್ಲ. ಡಾಕ್ಸಿನಲ್ಲಿ ಆಫ್‌ಲೈನ್ ಆಯ್ಕೆಯನ್ನು ನೆಟ್ ಇರುವಾಗಲೇ ಆನ್ ಮಾಡಿಡಿ. ಆಮೇಲೆ ನೆಟ್ ಇಲ್ಲದೆಯೂ ಬರೆಯಬಹುದು, ಬಂದ ಕೂಡಲೇ ಸೇರಿಕೊಳ್ಳುತ್ತದೆ.

ಫ್ಲೆಕ್ಸಿನಲ್ಲಿ ಪ್ಲೇ ಸ್ಟೋರ್ ಇಲ್ಲ, ಮೊಬೈಲ್ ಆ್ಯಪ್ ಹಾಕಲಿಕ್ಕೆ ಆಗುವುದಿಲ್ಲ. ಅಡಿಕೆ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿ ಇಟ್ಟವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕೆಲಸ ಮಾಡುವವರು ಇದರ ತಂಟೆಗೆ ಬರಬೇಡಿ. ಉಳಿದವರು ಗೂಗಲಿನ ಸರ್ಟಿಫೈಡ್ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹುಡುಕಿ. ಪ್ರತಿ ಮಾಡೆಲಿನ ಎದುರು ಯಾವ ವರ್ಷದ ತನಕ ಬೆಂಬಲ ಅಂತ ಬರೆದಿರುತ್ತದೆ. ಪೆನ್‌ಡ್ರೈವ್ ಮಾಡುವುದನ್ನು ಪೂರ್ತಿ ರೆಕಾರ್ಡ್ ಮಾಡಿಟ್ಟಿದ್ದೇನೆ, ಬೇಕಾದರೆ ಕಮೆಂಟಲ್ಲಿ ಹೇಳಿ, ಹಾಕುತ್ತೇನೆ.