ಕಲ್ಲಿದ್ದಲು ತುಂಬಿಕೊಂಡು ಹಾರಬೇಕಿದ್ದ ವಿಮಾನ

ಕೇಳುಗರಿಗೆ ನಮಸ್ಕಾರ.

ಕಮ್ಮಾರನ ಕುಲುಮೆ ನೋಡಿದ್ದೀರಲ್ವಾ? ತಿದಿ ಒತ್ತಿದಂತೆಲ್ಲ ಇದ್ದಿಲು ಕೆಂಡವಾಗಿ ನಿಗಿನಿಗಿ ಉರಿಯುತ್ತದೆ. ಅಂಥ ಕುಲುಮೆಯನ್ನೇ ಯುದ್ಧವಿಮಾನದ ಹೊಟ್ಟೆಯಲ್ಲಿಟ್ಟರೆ? ತಮಾಷೆಯಲ್ಲ. 1944ರಲ್ಲಿ ಅಲೆಕ್ಸಾಂಡರ್ ಲಿಪ್ಪಿಷ್ ಎಂಬ ಜರ್ಮನ್ ವಿನ್ಯಾಸಕಾರ ವಿಯೆನ್ನಾದಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದ. ರಾಕೆಟ್ ವಿಮಾನ ಕೋಮೆಟ್‌ನ ಹಿಂದಿದ್ದ ತಲೆಯೂ ಅವನದೇ.

ಜರ್ಮನಿಯಲ್ಲಿ ಕಲ್ಲಿದ್ದಲಿಗೆ ಬರವಿರಲಿಲ್ಲ. ಅದರಿಂದಲೇ ಪೆಟ್ರೋಲ್ ತೆಗೆಯುತ್ತಿದ್ದರು. ಆ ವರ್ಷದ ಮೇ ತಿಂಗಳಿಂದ ಅಮೆರಿಕದ ಬಾಂಬರ್‌ಗಳು ಲಾಯ್ನಾದಂಥ ಪೆಟ್ರೋಲ್ ಕಾರ್ಖಾನೆಗಳನ್ನು ಹುಡುಕಿ ಹುಡುಕಿ ಹೊಡೆದವು. ಸರಿ, ಕಾರ್ಖಾನೆಯ ಗೊಡವೆಯೇ ಬೇಡ, ಕಲ್ಲಿದ್ದಲನ್ನೇ ಉರಿಸೋಣ ಅಂತಾಯಿತು!

ವಿಮಾನದ ಹೆಸರು ಪಿ-13ಎ. ತ್ರಿಕೋನದ ರೆಕ್ಕೆ, ಮೇಲೆ ದೊಡ್ಡ ತ್ರಿಕೋನದ ಬಾಲ. ಪೈಲಟ್ ಕೂರುವುದು ಆ ಬಾಲದ ಬುಡದಲ್ಲೇ. ಮೂತಿಯಿಂದ ಗಾಳಿ ನುಗ್ಗುತ್ತದೆ. ಒಳಗೆ ತಂತಿ ಬಲೆಯ ದುಂಡು ಬುಟ್ಟಿ, ಅದರ ತುಂಬ ಕಲ್ಲಿದ್ದಲಿನ ಚೂರು. ಎಲ್ಲ ಕಡೆ ಒಂದೇ ಸಮ ಉರಿಯಲಿ ಅಂತ ಬುಟ್ಟಿ ನಿಧಾನವಾಗಿ ತಿರುಗುತ್ತಿರಬೇಕು. ಬಿಸಿ ಗಾಳಿ ಹಿಂದಿನಿಂದ ರಭಸವಾಗಿ ಹೊರಬಿದ್ದು ವಿಮಾನವನ್ನು ಮುಂದೆ ನೂಕಬೇಕು. ಇದು ರ‍್ಯಾಮ್‌ಜೆಟ್. ಇದಕ್ಕೆ ವೇಗವೇ ತಿದಿ. ನಿಂತಲ್ಲಿ ಮಾತ್ರ ಏನೂ ಮಾಡದು, ಸುಮ್ನೆ ಒಲೆ ಅಷ್ಟೇ. ಅದಕ್ಕೇ ಮೊದಲು ಮೇಲಕ್ಕೇರಿಸಿ ವೇಗ ಕೊಡಲು ರಾಕೆಟ್ ಬೇಕಿತ್ತು.

ಈ ಆಕಾರ ಹಾರೀತೇ ಎಂದು ನೋಡಲು ಡಾರ್ಮ್‌ಸ್ಟಾಟ್, ಮ್ಯೂನಿಕ್‌ನ ವಿದ್ಯಾರ್ಥಿಗಳು ಎಂಜಿನ್ ಇಲ್ಲದ ಗ್ಲೈಡರ್ ಕಟ್ಟತೊಡಗಿದರು. ಎರಡೂ ಊರಿನ ಮೊದಲ ಅಕ್ಷರ ಸೇರಿಸಿ ಡಿಎಂ-1 ಎಂದು ಕರೆದರು. ಈ ಕೆಲಸದ ನೆಪದಲ್ಲಿ ಹುಡುಗರು ಸೈನ್ಯದ ಕರೆಯಿಂದ ತಪ್ಪಿಸಿಕೊಂಡರು ಎನ್ನುವವರೂ ಇದ್ದಾರೆ. ಹಾಗಿದ್ದರೆ ಇಡೀ ಯೋಜನೆಯಿಂದ ಆದ ಒಳ್ಳೆ ಕೆಲಸ ಅದೇ ಅಂತ ನನಗನ್ನಿಸುತ್ತದೆ.

ಪಿ-13ಎ ಕಾಗದದಲ್ಲೇ ಉಳಿಯಿತು. 1945ರ ಮೇನಲ್ಲಿ ಅಮೆರಿಕನ್ ಸೈನಿಕರಿಗೆ ಪ್ರೀನ್ ಊರಲ್ಲಿ ಅರ್ಧ ಕಟ್ಟಿದ ಗ್ಲೈಡರ್ ಸಿಕ್ಕಿತು. ಅವರು ಅದನ್ನು ಪೂರ್ತಿ ಮಾಡಿಸಿ, ಹಡಗಿನಲ್ಲಿ ಸಾಗಿಸಿ, ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ, ಜೋರಾಗಿ ಗಾಳಿ ಬೀಸಿ ವಿಮಾನಗಳನ್ನು ಪರೀಕ್ಷಿಸುವ ಗಾಳಿ ಸುರಂಗದಲ್ಲಿಟ್ಟರು. ಮೊದಮೊದಲು ನಿರಾಸೆ: ದಪ್ಪ ಅಂಚಿನ ರೆಕ್ಕೆ ಸಾಕಷ್ಟು ಎತ್ತುತ್ತಿರಲಿಲ್ಲ. ಆಮೇಲೆ ರೆಕ್ಕೆಯ ಮುಂದಂಚಿಗೆ ಚೂಪಾದ ಪಟ್ಟಿ ಹಚ್ಚಿದರು. ಗಾಳಿ ಅಂಚಿನಲ್ಲಿ ಸುಳಿಯಾಗಿ ಸುತ್ತಿಕೊಂಡಿತು, ರೆಕ್ಕೆಯನ್ನು ಎತ್ತಿ ಹಿಡಿಯಿತು.